ಬಂದೂಕಿನ ಬೆಳ್ಳಿ ನೊಣ

ನಾನು ಲಗ್ನವಾಗಿ ಪುಣೆಗೆ ಬಂದಾಗ ಗಂಡನ ಮನೆಯಲ್ಲಿ ನನಗಿಂತ ಮೊದಲೇ ಬಂದು ಕೂತವರು ಇಬ್ಬರಿದ್ದರು. ಒಬ್ಬಾಕೆ ನನ್ನ ಕೊರಳಿಗೇ ಬಂದಳು, ಇನ್ನೊಂದು ಮಂಚದ ಕೆಳಗೆ ಮಲಗಿತ್ತು.

ಕೊರಳಿಗೆ ಬಂದಾಕೆ ನಮ್ಮವರ ಮೊದಲ ಹೆಂಡತಿ. ಆಕೆ ಬೇನೆ ಬಿದ್ದು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಎರಡನೆಯ ಸಂಬಂಧಕ್ಕೆ ಕೊಟ್ಟ ಹೆಣ್ಣು ಮೊದಲಿನಾಕೆಯ ಹೆಸರಿನಲ್ಲಿ ಒಂದು ಬೆಳ್ಳಿಯ ಬಿಲ್ಲೆ ಕಟ್ಟಿಕೊಳ್ಳಬೇಕು, ಅದರ ಮೇಲೆ ಎರಡು ಪುಟ್ಟ ಪಾದ ಕೆತ್ತಿರಬೇಕು, ಹೊಸ ಸೀರೆ ತಂದರೆ ಮೊದಲು ಅದಕ್ಕೆ ಮುಟ್ಟಿಸಿ ಆಮೇಲೆ ಉಡಬೇಕು, ಹಬ್ಬದ ದಿನ ಮೊದಲ ಕುಂಕುಮ ಅದಕ್ಕೇ ಹಚ್ಚಬೇಕು. ಇದು ನಮ್ಮ ಧಾರವಾಡದ ಕಡೆಯ ಎಷ್ಟೋ ಮನೆಗಳ ರೂಢಿ, ಪುಣೆಯವರಲ್ಲೂ ಇತ್ತು. ನನ್ನ ತಾಳಿಯ ಪಕ್ಕದಲ್ಲೇ ಅತ್ತೆ ಅದನ್ನು ಕಟ್ಟಿ, "ಇಕಿ ನಿನ್ನ ಅಕ್ಕ ಅಂತ ತಿಳಕೋ. ನಿನ್ನ ಕಾಯ್ತಾಳ" ಎಂದರು. ಒಲೆಯ ಮುಂದೆ ಬಗ್ಗಿದರೆ ಸಾಕು, ಆ ಬಿಲ್ಲೆ ತಾಳಿಗೆ ತಾಕಿ ಟಿಣ್ ಎನ್ನುತ್ತಿತ್ತು. ನಾನು ಏನು ಮಾಡುತ್ತಿದ್ದೇನೆ ಎಂದು ಯಾರೋ ನೋಡಿ ನಾಲಿಗೆ ಲೊಚಗುಟ್ಟಿದಂತೆ ನನಗೆ ಕೇಳಿಸುತ್ತಿತ್ತು.

ಮಂಚದ ಕೆಳಗೆ ಇದ್ದದ್ದು ಒಂದು ಬಂದೂಕು. ಮೊದಲಿನಾಕೆಯ ತಂದೆ ಜಂಗಲ್ ಖಾತೆಯಲ್ಲಿ ರೇಂಜರ್ ಆಗಿದ್ದವರು. ಅವರನ್ನು ನಾವು ಧಾರವಾಡದ ಮಾವ ಎನ್ನುತ್ತಿದ್ದೆವು. ಅಳಿಯನ ಮೇಲಿನ ಮಮತೆಗೆ ತಮ್ಮ ಸಣ್ಣ ಬಂದೂಕನ್ನು ಅವನಿಗೆ ಕೊಟ್ಟು, ಪರವಾನಿಗೆಯನ್ನೂ ಅವನ ಹೆಸರಿಗೆ ಮಾಡಿಸಿದ್ದರು. ನಾರಾಯಣ ಪೇಟೆಯ ವಾಡೆಯಲ್ಲಿ ಎರಡು ಖೋಲಿಯ ಸಂಸಾರ ಮಾಡುವ ಕಚೇರಿ ಕಾರಕೂನನಿಗೆ ಬಂದೂಕು ಏತಕ್ಕೆ ಎಂದು ಮಾವನೂ ಯೋಚಿಸಲಿಲ್ಲ, ಅಳಿಯನೂ ಯೋಚಿಸಲಿಲ್ಲ. ಬಂದೂಕಿನ ಮೇಲೆ ನನಗೆ ಮೊದಲು ಸಿಟ್ಟಿರಲಿಲ್ಲ. ಅದಕ್ಕೆ ಸುತ್ತಿದ್ದ ಮೊದಲಿನಾಕೆಯ ಸೀರೆಯ ಮೇಲಿತ್ತು. ಹಸಿರು ಒಡಲಿನ ಇಳಕಲ್ ಸೀರೆ, ಕೆಂಪು ರೇಶಿಮೆಯ ತೋಪತೆನಿ ಸೆರಗು. ನನ್ನ ಪೆಟ್ಟಿಗೆಯಲ್ಲಿ ಅಂಥದೊಂದು ಇರಲಿಲ್ಲ. ಕಬ್ಬಿಣದ ಕೊಳವೆ ಅದನ್ನು ಉಟ್ಟುಕೊಂಡು ಮಲಗಿತ್ತು.

ನಾನು ಸಾಲೆ ಕಲಿತದ್ದು ಸ್ವಲ್ಪ. ಮಾತು ಕಲಿತದ್ದು ಅಜ್ಜಿಯಿಂದ, ಅತ್ತೆಯಂದಿರಿಂದ, ಕಟ್ಟೆಯ ಮೇಲೆ ಕೂತ ಮುದುಕಿಯರಿಂದ. ಅವರಲ್ಲಿ ಸತ್ತವರ ಮಾತು ದಿನಕ್ಕೆ ಹತ್ತು ಸಲ ಬರುತ್ತಿತ್ತು. ಸತ್ತವರನ್ನು ಬೈಯುತ್ತಿದ್ದರು, ನಗೆಯಾಡುತ್ತಿದ್ದರು, ಅವರ ಅಡಿಗೆಯಲ್ಲಿ ಉಪ್ಪು ಹೆಚ್ಚಾಗುತ್ತಿತ್ತು ಎನ್ನುತ್ತಿದ್ದರು. ಹಾಗಾಗಿ ಸತ್ತವರೆಂದರೆ ನನಗೆ ಹೆದರಿಕೆ ಇರಲಿಲ್ಲ. ಆದರೆ ನಮ್ಮವರು ಆಕೆಯ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ.

"ಆಕಿ ಹೆಂಗಿದ್ದಳ್ರಿ?" ಎಂದು ಲಗ್ನವಾದ ಹೊಸತರಲ್ಲೇ ಕೇಳಿದ್ದೆ.

"ಹೂಂ."

"ಹೂಂ ಅಂದ್ರ?"

"ಇದ್ದಳು."

ಅಷ್ಟು ಹೇಳಿ ಪೇಪರು ಮಗುಚಿ ಹಾಕಿದರು. ಆಕೆ ಚೆಂದ ಇದ್ದಳು ಎಂದಿದ್ದರೆ ನಾನೂ ಕನ್ನಡಿಯ ಮುಂದೆ ನಿಂತು ನೋಡಿಕೊಳ್ಳುತ್ತಿದ್ದೆ. ಜಗಳಗಂಟಿ ಎಂದಿದ್ದರೆ ಹೊಟ್ಟೆ ತಂಪಾಗುತ್ತಿತ್ತು. ಎರಡೂ ಇಲ್ಲ. ಹೇಳದೆ ಉಳಿದ ಆ ಮಾತಿನಲ್ಲಿ ಆಕೆ ದಿನದಿನಕ್ಕೂ ಚೆಂದವಾಗುತ್ತ ಹೋದಳು. ನನಗೆ ಬೇಕಾಗಿದ್ದದ್ದು ಇಷ್ಟೇ: ಅವರು ಒಂದು ಸಲ ಬಾಯಿಬಿಟ್ಟು ಆಕೆಯ ಬಗ್ಗೆ ಏನಾದರೂ ಹೇಳಬೇಕು. ಹೇಳಿದರೆ ಆಕೆ ಹೊಸ್ತಿಲ ಆಚೆ ಹೋಗುತ್ತಾಳೆ, ಈ ಮನೆ ನನ್ನದಾಗುತ್ತದೆ ಎಂದು ನನ್ನ ಲೆಕ್ಕ.

ಯುದ್ಧದ ದಿನಗಳು. ಸೀಮೆಎಣ್ಣೆಗೆ ಸಾಲು, ಸಕ್ಕರೆಗೆ ಸಾಲು, ಖಡಕಿಯ ಮದ್ದುಗುಂಡಿನ ಕಾರಖಾನೆಯ ಕಡೆಗೆ ರಾತ್ರಿ ಹಗಲೆನ್ನದೆ ಲಾರಿಗಳು. ಶ್ರಾವಣ ಮುಗಿಯುತ್ತಿದ್ದ ಹೊತ್ತಿಗೆ ಧಾರವಾಡದಿಂದ ಬಂದ ನಮ್ಮ ಕಡೆಯವರೊಬ್ಬರು ಸಂಡಿಗೆಯ ಡಬ್ಬಿಯ ಜೊತೆಗೆ ಒಂದು ಸುದ್ದಿಯನ್ನೂ ತಂದರು. ಧಾರವಾಡದ ಮಾವನವರ ಕಣ್ಣಿನ ಪೊರೆ ತೆಗೆದಿದ್ದಾರೆ, ದಸರೆಗೆ ಪುಣೆಗೆ ಬರುತ್ತಾರೆ.

"ಬಂದೂಕು ಒಮ್ಮೆ ಹೊಡದು ನೋಡಬೇಕಂತ್ರಿ," ಎಂದರು ಬಂದವರು. "ಕಣ್ಣು ಖರೇನ ಬಂದಾವೋ, ಡಾಕ್ಟರ ಸುಮ್ಮನ ಹೇಳ್ಯಾನೋ ಗೊತ್ತಾಗತದಂತ."

ನಮ್ಮವರು ಊಟದ ತಾಟು ಬಿಟ್ಟು ಎದ್ದು ಮಂಚದ ಕೆಳಗೆ ಕೈ ಹಾಕಿದರು. ಸೀರೆ ಬಿಚ್ಚುವಾಗ ಅವರ ಕೈ ಎಷ್ಟು ಮೆಲ್ಲಗೆ ಓಡಾಡಿತು ಎಂಬುದನ್ನು ನಾನು ನೋಡುತ್ತ ನಿಂತೆ. ಪಲ್ಯ ತಳಹಿಡಿದ ವಾಸನೆ ಅತ್ತೆಗೆ ಬಂತು, ನನಗೆ ಬರಲಿಲ್ಲ.

ಬಂದೂಕು ಬಾಯಿ ತೆರೆಯಲಿಲ್ಲ. ಹಿಂದಕ್ಕೆ ಎಳೆಯುವ ಹಿಡಿಕೆಯನ್ನು ಜಗ್ಗಿದರು, ಕಾಲಿನಿಂದ ಒತ್ತಿ ಹಿಡಿದು ಜಗ್ಗಿದರು. ಬೆಲ್ಲದ ಪಾಕದಲ್ಲಿ ಅದ್ದಿ ಒಣಗಿಸಿದಂತೆ ಕೂತಿತ್ತು. ಅದು ಬೆಲ್ಲವಲ್ಲದಿದ್ದರೂ ಬಹಳ ದೂರವೂ ಅಲ್ಲ ಎಂದು ಮರುದಿನ ತಿಳಿಯಿತು.

ಭಾನುವಾರ ದಂಡಿನ ಪೇಟೆ ಲಷ್ಕರಿಗೆ ಟಾಂಗಾ ಮಾಡಿದರು. "ನಾನೂ ಬರ್ತೀನಿ" ಎಂದೆ. ನನಗೆ ಬಂದೂಕಿನ ಮೇಲೆ ಆಸ್ಥೆ ಹುಟ್ಟಿತು ಎಂದು ನಮ್ಮವರು ಖುಷಿಪಟ್ಟರು. ಟಾಂಗಾದಲ್ಲಿ ಬಂದೂಕು ನಮ್ಮಿಬ್ಬರ ನಡುವೆ ಕೂತಿತು. ಗಾಲಿ ಹಳ್ಳಕ್ಕಿಳಿದಾಗಲೆಲ್ಲ ಅವರ ಕೈ ಅದರ ಮೇಲೆ ಹೋಗುತ್ತಿತ್ತು. ನಾನು ಒಂದು ಸಲ ಬೀಳುವುದರಲ್ಲಿದ್ದೆ, ಟಾಂಗಾದವನೇ ತಿರುಗಿ, "ಬಾಯಿ, ಧರಾ" ಎಂದ, ಗಟ್ಟಿ ಹಿಡಿದುಕೋ ಎಂದು.

ಬಂದೂಕು ರಿಪೇರಿಯ ಮಿಸ್ತ್ರಿ ಗಡ್ಡದ ಮುದುಕ, ಹಿಂದುಸ್ತಾನಿಗೆ ಮರಾಠಿ ಬೆರೆಸಿ ಮಾತಾಡುವವನು. ಅವನು ಆಡಿದ್ದನ್ನು ನಾನು ನಮ್ಮ ಮಾತಿನಲ್ಲೇ ಹೇಳುತ್ತೇನೆ. ಬಿಸಿ ಎಣ್ಣೆ ಬಿಟ್ಟು, ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಬಾಯಿ ತೆರೆಸಿದ. ನಳಿಗೆಯನ್ನು ಕೆಳಮುಖ ಮಾಡಿದರೆ ಒಳಗಿನಿಂದ ಕೆಂಪಿರುವೆ ಸಾಲುಗಟ್ಟಿ ಹೊರಬಂದವು.

"ಸಾಹೇಬ, ಇದಕ್ಕ ಏನು ತಿನ್ನಸಿದ್ರಿ?" ಎಂದ ಮಿಸ್ತ್ರಿ.

ನಮ್ಮವರು ತಲೆ ಕೆರೆದುಕೊಂಡರು. ನಡೆದದ್ದು ಹೀಗೆ. ಪ್ರತಿ ಖಂಡೇನವಮಿಗೆ ಅತ್ತೆ ಮನೆಯ ಕತ್ತಿ, ಈಳಿಗೆ, ಕತ್ತರಿಯ ಜೊತೆಗೆ ಬಂದೂಕನ್ನೂ ಪೂಜೆಗಿಡುತ್ತಿದ್ದರು. ಉಳಿದವಕ್ಕೆ ಕುಂಕುಮ ಸಾಕು. ಬಂದೂಕು ಬೀಗರು ಕೊಟ್ಟದ್ದು, ದೊಡ್ಡ ಆಯುಧ, ಅದಕ್ಕೆ ಪಂಚಾಮೃತದ ಅಭಿಷೇಕವೇ ಆಗಬೇಕು. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ಅದಕ್ಕೂ ಮೊದಲು ಹುಣಸೆಹಣ್ಣು, ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿ ಬೆಳಗುತ್ತಿದ್ದರು. ಮೊದಲ ಸೊಸೆ ತೀರಿಕೊಂಡ ವರ್ಷ ಹಾಗೇ ಅಭಿಷೇಕ ಮಾಡಿ, ಒರೆಸುವ ಮನಸ್ಸಾಗದೆ, ಆಕೆಯ ಸೀರೆಯಲ್ಲಿ ಸುತ್ತಿ ಒಳಗೆ ತಳ್ಳಿದ್ದರು. ಆಮೇಲೆ ಯಾರೂ ಮುಟ್ಟಿರಲಿಲ್ಲ.

ಮಿಸ್ತ್ರಿ ಕೇಳಿ ನಕ್ಕುಬಿಟ್ಟ. "ಗುಂಡು ತಿಂದು ಸತ್ತವರನ್ನ ನೋಡೀನಿ, ಸಕ್ಕರಿ ತಿಂದು ಸತ್ತ ಬಂದೂಕು ಇದs ಮೊದಲು."

ಆಮೇಲೆ ಒಂದೊಂದಾಗಿ ಬಿಚ್ಚಿ ತೋರಿಸಿದ. ಕಾಡತೂಸಿಗೆ ಹೊಡೆಯುವ ಪಿನ್ನು ತುಕ್ಕು ತಿಂದು ಮೊಂಡಾಗಿದೆ. ಅದನ್ನು ದೂಡುವ ಸ್ಪ್ರಿಂಗು ಮುರಿದಿದೆ. ಖಾಲಿ ಕಾಡತೂಸನ್ನು ಹೊರಗೆಳೆಯುವ ಕೊಕ್ಕೆ ಇಲ್ಲವೇ ಇಲ್ಲ. ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲು ನಿಲ್ಲಿಸಿದ ಸಣ್ಣ ಮೊಳೆ, ಅದಕ್ಕೆ ಅವರಲ್ಲಿ ನೊಣ ಎನ್ನುತ್ತಾರೆ, ಅದೂ ಹಾರಿಹೋಗಿದೆ. ಅತ್ತೆಯ ತೆಂಗಿನ ನಾರಿಗೆ ಸಿಕ್ಕು ಬೆಸುಗೆ ಬಿಟ್ಟು ಬಚ್ಚಲ ಮೋರಿಗೆ ಹೋಗಿದ್ದಿರಬೇಕು.

"ಸಾಮಾನು ವಿಲಾಯತಿಯಿಂದ ಬರಬೇಕು, ಹಡಗು ಬರವಲ್ಲವು. ನೀವs ಹುಡಕ್ರಿ, ನಾ ಕೂಡಸ್ತೀನಿ," ಎಂದ.

ಆಗಲೇ ಒಂದು ಮಾತು ಹೇಳಿದ. ದೊಡ್ಡ ಬಂದೂಕಿನ ಕಾಡತೂಸಿಗೆ ನಟ್ಟನಡುವೆ ಪೆಟ್ಟು ಬಿದ್ದರೆ ಕಿಡಿ ಏಳುತ್ತದೆ. ಈ ಜಾತಿಯದಕ್ಕೆ ನಡುವೆ ಎಷ್ಟು ಬಡಿದರೂ ಸುಮ್ಮನಿರುತ್ತದೆ, ಅಂಚಿಗೆ ಬಡಿಯಬೇಕು, ಅದರ ಮದ್ದು ಅಂಚಿನಲ್ಲೇ ಅಡಗಿರುತ್ತದೆ. ಹಾಗಾಗಿ ಪಿನ್ನು ಕೂದಲೆಳೆಯಷ್ಟು ಆಚೀಚೆಯಾದರೂ ಕೆಲಸಕ್ಕೆ ಬಾರದು.

ತಿರುಗಿ ಬರುವಾಗ ನಾನು, "ನಿಮ್ಮ ಜಾತೀದs ಅದ ನೋಡ್ರಿ. ನಡುವ ಎಷ್ಟು ಬಡದ್ರೂ ಹೂಂ ಅಂತ ಕೂಡತದ" ಎಂದೆ.

"ಏನಂದಿ?"

"ಬಿಸಲು ಭಾಳ ಅದ ಅಂದೆ."

ಆಮೇಲೆ ನಮ್ಮ ಬುಧವಾರ, ಭಾನುವಾರಗಳೆಲ್ಲ ಜುನಾ ಬಾಜಾರಿಗೆ ಹೋದವು. ಬುಧವಾರ ಕಚೇರಿ ಬಿಟ್ಟವರೇ ಚಹಾ ಕೂಡ ಕುಡಿಯದೆ ಅತ್ತ ನಡೆಯುತ್ತಿದ್ದರು. ಗೋಣಿ ಹಾಸಿ ಗುಡ್ಡೆ ಹಾಕಿದ ಕಬ್ಬಿಣ, ಬಾಗಿಲಿಲ್ಲದ ಬೀಗ, ಬೀಗವಿಲ್ಲದ ಕೀಲಿ, ಸೋಲ್ಜರರ ಬೂಟು, ಯಾವುದೋ ದೊರೆಸಾನಿಯ ಮುರಿದ ಛತ್ರಿ. ನಮ್ಮವರು ಮೊಣಕಾಲೂರಿ ಕೂತು ತುಕ್ಕಿನ ಗುಡ್ಡೆಗೆ ಕೈ ಹಾಕುತ್ತಿದ್ದರು. ತರಕಾರಿಗೆ ಕಳಿಸಿದರೆ ಕೊಳೆತ ಬದನೆಕಾಯಿ ತರುವ ಮನುಷ್ಯ, ಅಲ್ಲಿ ಉಗುರಿನಷ್ಟು ಕಬ್ಬಿಣವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿ ನೋಡುತ್ತಿದ್ದರು. ನಾನು ಮೂಗಿನ ನತ್ತು ಬದಲಿಸಿ ಎಂಟು ದಿನವಾಗಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ.

ಸ್ಪ್ರಿಂಗು ಒಂದು ಸತ್ತ ಗ್ರಾಮೋಫೋನಿನ ಹೊಟ್ಟೆಯಲ್ಲಿ ಸಿಕ್ಕಿತು. ಮಿಸ್ತ್ರಿ ಅದನ್ನು ಕತ್ತರಿಸಿ ಬಾಗಿಸಿದ. ಪಿನ್ನಿಗೆ ಹೊಲಿಗೆ ಯಂತ್ರದ ದಪ್ಪ ಸೂಜಿ ಒಯ್ದರೆ ಅವನು ಅದನ್ನು ಎರಡು ಬೆರಳಲ್ಲಿ ಪಟ್ಟನೆ ಮುರಿದು ವಾಪಸು ಕೊಟ್ಟ. ಕೊನೆಗೆ ಯಾವುದೋ ಗಡಿಯಾರದ ಅಚ್ಚನ್ನು ಕಾಸಿ, ತಣಿಸಿ, ಅರ ಹಚ್ಚಿ ಮಾಡಿದ. ಕೊಕ್ಕೆ ಮಾತ್ರ ಎಲ್ಲೂ ಇರಲಿಲ್ಲ. ಹುಡುಕಿ ಹುಡುಕಿ, ಒಂದು ಸಂಜೆ ಅಂಗಡಿ ಕಟ್ಟುವ ಹೊತ್ತಿಗೆ, ಒಬ್ಬಳು ಮುದುಕಿ ಗೋಣಿ ಹಾರದಂತೆ ಅದರ ಮೇಲೆ ಇಟ್ಟಿದ್ದ ಭಾರದ ಮುದ್ದೆ ಇವರ ಕಣ್ಣಿಗೆ ಬಿತ್ತು. ಅದು ಇದೇ ಜಾತಿಯ ಬಂದೂಕಿನ ಹಿಂಭಾಗ, ನಳಿಗೆಯೂ ಇಲ್ಲ, ಹಿಡಿಯೂ ಇಲ್ಲ, ಆದರೆ ಕೊಕ್ಕೆ ಕೂತಿತ್ತು.

ನಮ್ಮವರು ತಿರುಗಿ ನನ್ನನ್ನು ನೋಡಿ ನಕ್ಕರು. ಅಂಥ ನಗೆ ನನ್ನ ಲಗ್ನದ ದಿನವೂ ನಾನು ನೋಡಿರಲಿಲ್ಲ. ಬಾಯಿ ಕಿವಿಗೆ ಮುಟ್ಟಿತ್ತು, ಮೀಸೆಯ ಮೇಲೆ ತುಕ್ಕಿನ ಪುಡಿ.

"ಸಿಕ್ತು ನೋಡs! ಸಿಕ್ತು!"

"ಭಾಳ ಛೊಲೊ ಆತು," ಎಂದೆ. "ನಾ ಕಳದುಹೋದ್ರ ಇಷ್ಟು ಹುಡಕ್ತಿದ್ರೇನು?"

"ನೀ ಎಲ್ಲಿ ಕಳದುಹೋಗ್ತಿ?" ಎಂದು ಮತ್ತೆ ಕೊಕ್ಕೆಯನ್ನೇ ನೋಡತೊಡಗಿದರು. ಆ ನಗೆ ನನ್ನ ಹೊಟ್ಟೆಯೊಳಗೆ ಹಸಿಮೆಣಸಿನಕಾಯಿಯಂತೆ ಇಳಿಯಿತು. ಆ ನಗೆ ಯಾರಿಗೆ? ಕಬ್ಬಿಣಕ್ಕಂತೂ ಅಲ್ಲ. ಬಂದೂಕು ಸರಿಯಾದರೆ ಆಕೆಯ ತಂದೆ ಮೆಚ್ಚುತ್ತಾರೆ. ಆಕೆಯ ತಂದೆ ಮೆಚ್ಚಿದರೆ ಆಕೆ ಮೆಚ್ಚಿದಂತೆ. ಹೀಗೆ ಒಂದಕ್ಕೊಂದು ಗಂಟು ಹಾಕುತ್ತ ಮನೆಗೆ ಬಂದೆ. ಬಿಲ್ಲೆ ತಾಳಿಗೆ ಬಡಿದು ಟಿಣ್ ಟಿಣ್ ಎನ್ನುತ್ತಲೇ ಇತ್ತು.

ಉಳಿದದ್ದು ನೊಣ. ಜುನಾ ಬಾಜಾರಿನಲ್ಲಿ ಎರಡು ಮೂರು ಸಿಕ್ಕವು, ಒಂದೂ ಹೊಂದಲಿಲ್ಲ. ದಸರೆ ಹತ್ತಿರ ಬಂದಿತ್ತು. ಮಿಸ್ತ್ರಿ ಹೇಳಿದ, ಚೂರು ಬೆಳ್ಳಿ ತಂದುಕೊಟ್ಟರೆ ತಾನೇ ಕಡಿದು ನಿಲ್ಲಿಸುತ್ತೇನೆ, ಬೆಳ್ಳಿಯದೇ ಒಳ್ಳೆಯದು, ಪೊರೆ ತೆಗೆಸಿಕೊಂಡ ಕಣ್ಣಿಗೂ ಹೊಳೆದು ಕಾಣುತ್ತದೆ.

ಮರುದಿನ ಮಧ್ಯಾಹ್ನ ನಾನು ಹಿತ್ತಲಲ್ಲಿ ಶ್ಯಾವಿಗೆ ಒಣಹಾಕುತ್ತಿದ್ದೆ. ಅತ್ತೆ ತುಳಸಿಕಟ್ಟೆಗೆ ಬೆನ್ನು ಕೊಟ್ಟು ಬತ್ತಿ ಹೊಸೆಯುತ್ತಿದ್ದರು. ನಮ್ಮವರು ಬಂದು ನಿಂತರು. ಆಮೇಲೆ ನನ್ನ ಕಾಲು ನೋಡುತ್ತ ಹೇಳಿದರು.

"ನಿನ್ನ ಹಳೇ ಕಾಲುಂಗುರ, ಬಿಗಿ ಆಗೇದ ಅಂತ ತಗದಿಟ್ಟಿದ್ದಿಯಲ್ಲ, ಅದ ಏನು?"

"ಅದ. ಯಾಕ?"

"ಬಂದೂಕಿಗೆ ಬೇಕಾಗಿತ್ತು. ನೊಣಕ್ಕ."

ನನ್ನ ಲಗ್ನದಲ್ಲಿ ಸಪ್ತಪದಿಗೆ ಮುಂಚೆ ಅವರೇ ಬಗ್ಗಿ ನನ್ನ ಕಾಲಿಗೆ ಹಾಕಿದ ಉಂಗುರ. ಆಕೆಯ ತವರಿನ ಬಂದೂಕಿನ ತುದಿಗೆ ಅದನ್ನು ಕಡಿದು ಕೂರಿಸಬೇಕಂತೆ. ನನಗೆ ಏನು ಬಂತೋ. ಶ್ಯಾವಿಗೆಯ ಕೈಯಲ್ಲೇ ಕೊರಳಿಗೆ ಕೈ ಹಾಕಿದೆ. ಬಿಲ್ಲೆಯ ದಾರ ಹಳೆಯದು, ಒಂದೇ ಎಳೆತಕ್ಕೆ ಬಂತು.

"ತಗೋರಿ. ಇದೂ ಬೆಳ್ಳೀನ ಅದ. ಬಂದೂಕು ಆಕೀದು, ಸೀರಿ ಆಕೀದು, ಬಾಜಾರದಾಗ ನಗೂದೂ ಆಕೀ ಸಲುವಾಗಿ. ಆಕೀನ್ನs ಒಯ್ದು ಅದರ ಮ್ಯಾಲ ಕೂಡಸ್ರಿ. ನನ್ನ ಕಾಲುಂಗುರ ನನಗಿರ್ಲಿ."

ಅವರು ಕೈ ಚಾಚಲಿಲ್ಲ. ಬಿಲ್ಲೆ ಶ್ಯಾವಿಗೆಯ ಮೇಲೆ ಬಿತ್ತು. ಅತ್ತೆಯ ಕೈಯೊಳಗಿನ ಹತ್ತಿ ಹಾಗೇ ನಿಂತಿತು.

"ಏನ ಹುಚ್ಚಿ! ಅದನ್ನ ಕೊಳ್ಳಾಗಿಂದ ತಗೀತಾರೇನು? ನಾಳೆ ಏನಾರ ಆದ್ರ?"

"ಆಗ್ಲಿ ಬಿಡ್ರಿ ಅತ್ತೀ. ಆದ್ರ ನನ್ನ ಬಿಲ್ಲಿ ಮೂರನೇ ಆಕಿ ಕೊಳ್ಳಾಗ ಕಟ್ಟೀರಂತ."

ಅತ್ತೆ ಬಾಯಿಯ ಮೇಲೆ ಸೆರಗು ಹಿಡಿದರು. ಬೈಯುತ್ತಾರೆ ಎಂದು ಕಾದೆ. ಅವರು ಬೈಯಲಿಲ್ಲ, ನಗು ತಡೆಯುತ್ತಿದ್ದಾರೋ ಅಳು ತಡೆಯುತ್ತಿದ್ದಾರೋ ಇವತ್ತಿಗೂ ನನಗೆ ಗೊತ್ತಿಲ್ಲ. ಕೆಳಗೆ ಬಗ್ಗಿ ಬಿಲ್ಲೆ ಎತ್ತಿಕೊಂಡು, ಅದಕ್ಕಂಟಿದ ಶ್ಯಾವಿಗೆಯ ಎಳೆ ಬಿಡಿಸಿ, ಬಹಳ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡು ಕೂತರು. ಅಂಥ ವಿಷಯಗಳಲ್ಲಿ ಅವರೇ ನಮ್ಮ ಮನೆಯ ಶಾಸ್ತ್ರಿ, ಅವರೇ ನ್ಯಾಯಾಧೀಶರು. ಕೊನೆಗೆ ಮಗನ ಕಡೆಗೆ ತಿರುಗಿದರು.

"ಇದನ್ನ ಮಾರೋ ಹಂಗಿಲ್ಲ, ಹೊಳೀಗೆ ಬಿಡೋ ಹಂಗಿಲ್ಲ. ಆದರ ಬಂದೂಕು ಆಕಿ ಅಪ್ಪಂದು. ತವರಮನಿ ಸಾಮಾನು. ಹೆಣ್ಣಮಗಳು ತವರಮನ್ಯಾಗ ಹೋಗಿ ಕೂತ್ರ ಯಾರು ಬ್ಯಾಡ ಅಂತಾರ? ವರ್ಷಕ್ಕೊಮ್ಮೆ ಖಂಡೇನವಮಿಗೆ ಕುಂಕುಮಾನೂ ಬೀಳತದ. ಒಯ್ಯಿ." ಆಮೇಲೆ ನನಗೆ, "ನೀ ಮಾತ್ರ ನಾಲಿಗಿ ಸ್ವಲ್ಪ ಗಿಡ್ಡ ಮಾಡ್ಕೋ" ಎಂದರು.

ನಮ್ಮವರು ಬಿಲ್ಲೆ ತೆಗೆದುಕೊಂಡು ಹೋದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಆ ರಾತ್ರಿಯಿಂದ ಕೊರಳು ಹಗುರಾಯಿತು. ಆದರೆ ಒಲೆಯ ಮುಂದೆ ಬಗ್ಗಿದಾಗ ಟಿಣ್ ಎನ್ನುವ ಸದ್ದಿಗೆ ಕಿವಿ ಕಾಯುತ್ತಿತ್ತು. ಬರದಿದ್ದರೆ ತಿರುಗಿ ನೋಡುತ್ತಿದ್ದೆ.

ಧಾರವಾಡದ ಮಾವ ಖಂಡೇನವಮಿಯ ಹಿಂದಿನ ದಿನ ರೈಲಿನಿಂದ ಇಳಿದರು. ಎತ್ತರದ ಮನುಷ್ಯ, ದಪ್ಪ ಕನ್ನಡಕ, ಕೈಯಲ್ಲಿ ಪೇಢೆಯ ಪುಡಿಕೆ. ನಾನು ನಮಸ್ಕಾರ ಮಾಡಿ ಎದ್ದಾಗ ಅವರ ಕಣ್ಣು ಮೊದಲು ನನ್ನ ಮುಖಕ್ಕೆ ಬರಲಿಲ್ಲ, ಕೊರಳಿಗೆ ಬಂತು. ಅಲ್ಲೇ ನಿಂತಿತು. ಮಗಳನ್ನು ಹುಡುಕುತ್ತಿದ್ದರು. ಪೊರೆ ತೆಗೆಸಿದ್ದು ಬಂದೂಕು ಹೊಡೆಯುವುದಕ್ಕಷ್ಟೇ ಅಲ್ಲ ಎಂದು ಆಗ ನನಗೆ ಹೊಳೆಯಿತು. ಅತ್ತೆ ನೆಲ ನೋಡಿದರು. ನಮ್ಮವರು ಗೋಡೆ ನೋಡಿದರು. ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. "ಚಹಾ ಇಡು ತಂಗಿ" ಎಂದರು.

ಮರುದಿನ ಪೂಜೆಗೆ ಬಂದೂಕು ಹೊರಗೆ ಬಂತು. ಈ ಸಲ ಪಂಚಾಮೃತವಿಲ್ಲ. ಮರದ ಹಿಡಿಗೆ ಒಂದು ಬೊಟ್ಟು ಕುಂಕುಮ, ಅಷ್ಟೇ. ಅತ್ತೆಗೆ ಸಮಾಧಾನವಾಗಲಿಲ್ಲ. ಯಾರೂ ಇಲ್ಲವೆಂದುಕೊಂಡು ಬೆರಳ ತುದಿಯಿಂದ ನಳಿಗೆಯ ಕೊನೆಗೂ ಚೂರು ಹಚ್ಚಿ ಕೈ ಮುಗಿದರು. ನಾನು ಬಾಗಿಲ ಸಂದಿಯಿಂದ ನೋಡಿದೆ. ಮಾವನೂ ನೋಡಿದರು.

ಬಿಬವೇವಾಡಿಯ ಕಡೆಗೆ ಆಗ ಬರೀ ಹೊಲ. ಅಲ್ಲಿ ನಮ್ಮವರ ಕಚೇರಿಯ ಸ್ನೇಹಿತರೊಬ್ಬರ ಜಮೀನಿತ್ತು, ಹಂದಿಯ ಕಾಟ ಇತ್ತು. ವಿಜಯದಶಮಿ ದಾಟಿದ ಮರುದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ನಾಲ್ವರೂ ಟಾಂಗಾದಲ್ಲಿ ಹೋದೆವು. ಮಣ್ಣಿನ ಒಡ್ಡಿಗೆ ಒಂದು ಎಣ್ಣೆಯ ಖಾಲಿ ಡಬ್ಬಿ ಆನಿಸಿಟ್ಟರು. ಮಾವ ಕಲ್ಲಿನ ಮೇಲೆ ಕೂತು ಮೊಣಕಾಲಿಗೆ ಮೊಣಕೈ ಕೊಟ್ಟು ಗುರಿ ಹಿಡಿದರು. ಬಂದೂಕಿನ ಕುದುರೆ ಎಳೆದರು. ಚಟ್ ಎಂದಿತು. ಅಷ್ಟೆಲ್ಲ ಹುಡುಕಾಟಕ್ಕೆ ಬಾರುಕೋಲು ಬೀಸಿದಷ್ಟೇ ಸದ್ದು. ಆದರೆ ಹೊಡೆಯಿತು! ನಮ್ಮವರು ಎರಡೂ ಕೈ ಎತ್ತಿಬಿಟ್ಟರು.

ಡಬ್ಬಿ ಮಾತ್ರ ಅಲ್ಲಾಡಲಿಲ್ಲ. ಅದರ ಕೆಳಗೆ ಮಣ್ಣು ಚಿಮ್ಮಿತು. ಇನ್ನೊಮ್ಮೆ ಹೊಡೆದರು, ಮತ್ತೆ ಕೆಳಗೇ. ಮತ್ತೊಮ್ಮೆ, ಅದೇ ಜಾಗಕ್ಕೆ.

"ಕಣ್ಣು ಛೊಲೊ ಅವ," ಎಂದರು ಮಾವ. "ಒಂದs ಕಡೆ ಬೀಳಾಕತ್ತಾವಲ್ಲ. ನೊಣ ಎತ್ತರಾಗೇದ." ಬಂದೂಕನ್ನು ಹತ್ತಿರ ಹಿಡಿದು ಹೆಬ್ಬೆರಳಿನಿಂದ ನೊಣ ಸವರಿದರು. "ಬೆಳ್ಳಿ ಹಾಕಸೀರಿ?"

ನಮ್ಮವರು ಹೇಳುತ್ತಾರೋ ಇಲ್ಲವೋ ಎಂದು ನಾನು ನೋಡುತ್ತಿದ್ದೆ. ಅವರು ಹೇಳಲಾರರು ಎಂದು ಗೊತ್ತಾಗಿ ನಾನೇ ಅಂದೆ.

"ನನ್ನ ಕೊಳ್ಳಾಗಿಂದ್ರಿ ಅದು. ನಾನs ಕೊಟ್ಟೆ. ಸಿಟ್ಟಿನ್ಯಾಗ ಕೊಟ್ಟೆ."

ಮಾವ ನೊಣದ ಮೇಲಿಂದ ಹೆಬ್ಬೆರಳು ತೆಗೆಯಲಿಲ್ಲ. "ಮೊನ್ನೆ ಬೀಗತಿ ಕುಂಕುಮ ಹಚ್ಚೂದು ನೋಡಿ ಅಂದಕೊಂಡೆ," ಎಂದರು. ಮೆಲ್ಲಗೆ ನಕ್ಕರು. "ಆಕಿ ಇದರ ಸದ್ದಿಗೆ ಹೆದರಿ ಹಿಟ್ಟಿನ ಡಬ್ಬಿ ಹಿಂದ ಹೋಗಿ ಕೂಡ್ತಿದ್ಲು. ಈಗ ನೋಡು, ಬಾಯಿ ಮುಂದನ ಬಂದು ನಿಂತಾಳ." ಆಮೇಲೆ ಅಳಿಯನಿಗೆ, "ಒಂಚೂರು ಅರ ಹಚ್ಚಿ ತಿಕ್ಕಸು. ಸರಿ ಆಗತದ" ಎಂದರು.

"ತಿಕ್ಕಸೂದಿಲ್ರಿ," ಎಂದರು ನಮ್ಮವರು.

ಒಡನೆ ಅಂದರು. ಬೇರೆ ಯಾವುದಕ್ಕೂ ಅವರು ಅಷ್ಟು ಬೇಗ ಉತ್ತರ ಕೊಟ್ಟವರಲ್ಲ. ಕೊರಳಿನಿಂದ ತೆಗೆದರೂ ಆಕೆ ಎತ್ತರವೇ ಉಳಿದಳಲ್ಲ ಎಂದುಕೊಂಡೆ.

ಮಾವ ಒಮ್ಮೆ ಅಳಿಯನನ್ನು, ಒಮ್ಮೆ ನನ್ನನ್ನು ನೋಡಿ ಬಂದೂಕನ್ನು ನನ್ನ ಕೈಗೆ ಕೊಟ್ಟರು. "ಬಾ ಮಗಳ, ನೀ ಹೊಡಿ. ಡಬ್ಬಿಗೆ ಗುರಿ ಹಿಡೀಬ್ಯಾಡ, ಡಬ್ಬಿ ಮ್ಯಾಲಿನ ಗಾಳಿಗೆ ಹಿಡಿ. ಆಕೀಗೆ ಅಷ್ಟು ಜಾಗಾ ಬಿಡಬೇಕು."

"ಏ, ಆಕೀ ಕೈಯಾಗ ಕೊಡಬ್ಯಾಡ್ರಿ, ನಮ್ಮನ್ನೆಲ್ಲಾ ಹೊಡದಾಳು," ಎಂದು ಅತ್ತೆ ಬುತ್ತಿಯ ಗಂಟು ಎತ್ತಿಕೊಂಡು ಟಾಂಗಾದ ಹಿಂದೆ ಹೋದರು.

ನಾನು ಸೆರಗು ಸಿಕ್ಕಿಸಿಕೊಂಡು ಕೂತೆ. ಹಿಡಿ ಕೆನ್ನೆಗೆ ತಣ್ಣಗೆ ತಾಕಿತು, ಎಣ್ಣೆಯ ವಾಸನೆ, ಅದರ ಕೆಳಗೆ ಎಲ್ಲೋ ಇನ್ನೂ ತುಪ್ಪದ ವಾಸನೆ. ನಳಿಗೆಯ ತುದಿಯಲ್ಲಿ ಬೆಳ್ಳಿ ಹೊಳೆಯಿತು. ಮಿಸ್ತ್ರಿ ಕಡಿದಾಗ ಎರಡು ಪಾದಗಳಲ್ಲಿ ಒಂದರ ಹಿಮ್ಮಡಿ ಅದರಲ್ಲಿ ಉಳಿದಿತ್ತು, ಸಣ್ಣ ಗೆರೆಯಷ್ಟು. ಅದನ್ನು ಡಬ್ಬಿಯ ಮೇಲಿನ ಗಾಳಿಯಲ್ಲಿ ನಿಲ್ಲಿಸಿ ಕುದುರೆ ಎಳೆದೆ. ಡಬ್ಬಿ ಢಣ್ ಎಂದು ಹಿಂದಕ್ಕೆ ಬಿತ್ತು.

ತಿರುಗಿ ನೋಡಿದರೆ ನಮ್ಮವರು ನಗುತ್ತಿದ್ದರು. ಜುನಾ ಬಾಜಾರಿನ ನಗೆ. ಮೀಸೆಯ ಮೇಲೆ ತುಕ್ಕಿನ ಪುಡಿಯೊಂದಿರಲಿಲ್ಲ. ನನಗೆ ಖುಷಿಯಾಯಿತು, ಆದರೆ ಈ ನಗೆಯಲ್ಲಿ ನನ್ನ ಪಾಲೆಷ್ಟು, ಬಂದೂಕಿನದೆಷ್ಟು ಎಂದು ದಾರಿಯುದ್ದಕ್ಕೂ ಕೆದಕುತ್ತ ಬಂದೆ.

ಮಾವ ಊರಿಗೆ ಹೋದ ಮೇಲೆ ಮಿಸ್ತ್ರಿ ಹೇಳಿ ಕಳಿಸಿದ: ಬಂದೂಕನ್ನು ರೇಶಿಮೆಯಲ್ಲಿ ಸುತ್ತಬೇಡಿ, ಹಳೆಯ ನೂಲಿನ ಬಟ್ಟೆಗೆ ಎಣ್ಣೆ ಹಚ್ಚಿ ಸುತ್ತಿ. ನಾನು ಅದನ್ನೇ ಕಾದವಳಂತೆ ನನ್ನ ಹರಿದ ಸೀರೆಯೊಂದನ್ನು ಅದಕ್ಕೆ ಸುತ್ತಿ ಮಂಚದ ಕೆಳಗೆ ತಳ್ಳಿದೆ. ಇಳಕಲ್ ಸೀರೆಯನ್ನು ಸೀಗೆಕಾಯಿ ಹಾಕಿ ತೊಳೆದೆ. ಎರಡು ಕಡೆ ತುಕ್ಕಿನ ಕಲೆ ಹೋಗಲಿಲ್ಲ, ಅವನ್ನು ಒಳಮಡಿಕೆಗೆ ಹಾಕಿ ಉಟ್ಟೆ. ಅತ್ತೆ ನೋಡಿದರು, "ನೆರಿಗಿ ಸರಿ ಮಾಡ್ಕೋ" ಎಂದು ಒಳಗೆ ಹೋದರು.

ಸಂಜೆ ನಮ್ಮವರು ಕಚೇರಿಯಿಂದ ಬಂದರು. ಬಾಗಿಲಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತುಬಿಟ್ಟರು. ಈಗ ಏನೂ ಅನ್ನದೆ ಪೇಪರು ತೆಗೆದುಕೊಳ್ಳುತ್ತಾರೆ ಎಂದು ನಾನು ಚಹಾದ ಭಾಂಡೆ ಜೋರಾಗಿ ಇಟ್ಟೆ.

"ಸೀರಿ ನಿನಗ ಬರೋಬ್ಬರಿ ಆಗೇದ," ಎಂದರು. ಟೊಪ್ಪಿಗೆ ತೆಗೆದು ಕೈಯಲ್ಲಿ ತಿರುಗಿಸುತ್ತ ಮತ್ತೆ ಹೇಳಿದರು. "ಆಕೀಗೆ ಭಾಳ ಉದ್ದ ಆಗತಿತ್ತು. ಗಿಡ್ಡ ಇದ್ದಳು. ನೆರಿಗಿ ತುಳದು ಮುಗ್ಗರಸಿ ಬೀಳ್ತಿದ್ಲು, ಬಿದ್ದು ನನಗs ಬೈತಿದ್ಲು."

ಅಷ್ಟು ವರ್ಷ ಕಾದ ಮಾತು. ಆಕೆ ಗಿಡ್ಡಿ, ಬೀಳುತ್ತಿದ್ದಳು, ಬೈಯುತ್ತಿದ್ದಳು. ನನ್ನ ಲೆಕ್ಕದಂತೆ ಆಕೆ ಆಗ ಹೊಸ್ತಿಲು ದಾಟಿ ಹೊರಗೆ ಹೋಗಬೇಕಾಗಿತ್ತು. ಹೋಗಲಿಲ್ಲ. ನೆರಿಗೆ ಎತ್ತಿ ಹಿಡಿದುಕೊಂಡು ಅಡಿಗೆಮನೆಯೊಳಗೇ ಬಂದಳು. ಬೈಯುವಾಗ ಆಕೆಯ ಮುಖ ಹೇಗಾಗುತ್ತಿತ್ತು, ಬೈಸಿಕೊಳ್ಳುವಾಗ ಇವರು ನಗುತ್ತಿದ್ದರೇನು ಎಂದು ನನ್ನ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಮತ್ತೆ ಉರಿಯಿತು.

ಚಹಾದ ಬಟ್ಟಲು ಅವರ ಮುಂದಿಟ್ಟು ನಾನೂ ಎದುರಿಗೆ ಕೂತೆ.

"ಏನಂತ ಬೈತಿದ್ಲು? ಹೇಳ್ರಿ ಕೇಳೋಣ."